ಬಿಯರ್ ಬದಲಿಗೆ ಯಾವುದು: ಸಿಹಿ ಮಾಲ್ಟೋ, 0.0 ಬಿಯರೋ?

ಭಾನುವಾರ ಮಂಡ್ಯದಲ್ಲಿ ನಾಟಿಕೋಳಿ ಸಾರಿನ ಊಟ. ಆಮೇಲೆ ಮೈಸೂರಿಗೆ ಗಾಡಿ ಓಡಿಸಬೇಕಾದವನು ನಾನೇ. ಹಾಗಾಗಿ ಎರಡು ಬಾಟಲಿ ತಂದೆ: ನಿಂಬೆ ರುಚಿಯ ಮಾಲ್ಟ್ ಪಾನೀಯ ಒಂದು, 0.0 ಬಿಯರ್ (ಅಂದರೆ ಆಲ್ಕೋಹಾಲ್ ಇಲ್ಲದ್ದು) ಒಂದು.

ಎರಡಕ್ಕೂ ಮೂಲ ಬಾರ್ಲಿ ಮಾಲ್ಟೇ. ಕಾಳನ್ನು ಮೊಳಕೆ ಬರಿಸಿ ಒಣಗಿಸುವುದು, ನಮ್ಮ ರಾಗಿ ಮಾಲ್ಟಿನ ಹಾಗೇ ಅಲ್ವಾ? ದಾರಿ ಬೇರೆಯಾಗುವುದು ಆಮೇಲೆ. ಮಾಲ್ಟ್ ಪಾನೀಯವನ್ನು ಸಾಮಾನ್ಯವಾಗಿ ಹುದುಗಿಸುವುದಿಲ್ಲ. ಸಿಹಿ ಹಾಗೇ ಉಳಿಯುತ್ತದೆ, ಮೇಲೆ ಸಕ್ಕರೆಯನ್ನೂ ಸೇರಿಸುವುದುಂಟು. ಹೈನೆಕೆನ್ 0.0 ಥರದ್ದನ್ನು ಹುದುಗಿಸಿ, ನಂತರ ಆಲ್ಕೋಹಾಲ್ ತೆಗೆಯುತ್ತಾರೆ.

ಸ್ಟೀಲ್ ಲೋಟಕ್ಕೆ ಸುರಿದಾಗಲೇ ವ್ಯತ್ಯಾಸ ಗೊತ್ತಾಯಿತು. 0.0ರಲ್ಲಿ ಹಾಪ್ಸ್ ಹೂವಿನ ಕಹಿ ವಾಸನೆ ಇತ್ತು, ಖಾರದ ಸಾರಿಗೆ ಸರಿಹೊಂದಿತು. ಇನ್ನೊಂದು ಸೋಡಾ ಬೆರೆಸಿದ ಕಬ್ಬಿನ ಹಾಲಿನಂತಿತ್ತು. ಮಂಡ್ಯಕ್ಕೆ ಬಂದು ಅದಕ್ಕೆ ದುಡ್ಡು ಕೊಡಬೇಕಾ! ಆದರೆ ಬಿಯರಿನ ಕಹಿಯೇ ಆಗದವರಿಗೆ ಅದೇ ಇಷ್ಟವಾದೀತು.

ಕ್ಯಾಲೊರಿ ನೋಡಿ. 5% ಬಿಯರ್ 330 ಮಿ.ಲೀ.ಗೆ ಸುಮಾರು 140, ಹೈನೆಕೆನ್ 0.0ಕ್ಕೆ 69. ಸಿಹಿ ಮಾಲ್ಟ್ ಪಾನೀಯ ಬಿಯರಿಗಿಂತ ಹಗುರ ಅಂತ ಸುಮ್ನೆ ನಂಬಬೇಡಿ. ಸಕ್ಕರೆ ಕಾಯಿಲೆ ಇದ್ದರಂತೂ ಲೇಬಲ್ ಓದಲೇಬೇಕು.

ಇನ್ನೊಂದು ಮಾತು. ನಮ್ಮ ಆಹಾರ ನಿಯಮದ ಪ್ರಕಾರ 0.5%ಗಿಂತ ಜಾಸ್ತಿ ಆಲ್ಕೋಹಾಲ್ ಇದ್ದರಷ್ಟೇ ಅದು ಮದ್ಯ. ಒಂದು ಹನಿಯೂ ಬೇಡ ಅನ್ನುವವರು 'ಆಲ್ಕೋಹಾಲ್ ರಹಿತ' ಅನ್ನುವುದನ್ನಲ್ಲ, '0.0' ಅಂಕಿಯನ್ನೇ ಹುಡುಕಲಿ. ಕುಡಿತ ಬಿಡುತ್ತಿರುವವರಿಗೆ ಮಾತ್ರ ಆ ಬಿಯರ್ ವಾಸನೆಯೇ ಆಸೆ ಕೆರಳಿಸಬಹುದು. ಅವರಿಗೆ ನಾನು ಎರಡನ್ನೂ ಹೇಳುವುದಿಲ್ಲ, ಮಜ್ಜಿಗೆ ಕೊಡುತ್ತೇನೆ.