ಫ್ಲೆಕ್ಸ್ ನೋಡಿ ವಸತಿ ಕಾಲೇಜು ಆರಿಸುವವರ ಗಮನಕ್ಕೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದೇ ತಡ, ಹಾವೇರಿ, ರಾಣೆಬೆನ್ನೂರು, ದಾವಣಗೆರೆಯ ಬಸ್ ನಿಲ್ದಾಣಗಳ ಸುತ್ತ ಕರಾವಳಿಯ ವಸತಿ ಪಿಯು ಕಾಲೇಜುಗಳ ಫ್ಲೆಕ್ಸ್‌ಗಳು ಏಳುತ್ತವೆ. ದ್ವಿತೀಯ ಪಿಯುಸಿ ಫಲಿತಾಂಶದಲ್ಲಿ 2024ರಲ್ಲಿ ದಕ್ಷಿಣ ಕನ್ನಡ, 2025ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆದಿದ್ದವು. ಆ ಕಡೆಯ ಓದಿಗೆ ಹೆಸರು ಬಂದಿರುವುದು ಸುಮ್ಮನೆ ಅಲ್ಲ. ಆ ಹೆಸರನ್ನು ನಂಬಿ ನನ್ನ ಅಕ್ಕ ಮತ್ತು ಭಾವ ಮಗಳನ್ನು ಅಂಥದೊಂದು ಕಾಲೇಜಿಗೆ ಸೇರಿಸಿದರು. ಪ್ರಥಮ ಪಿಯುಸಿ ಮುಗಿಯುವ ಮೊದಲೇ ಬಿಡಿಸಿಕೊಂಡು ಬಂದರು. ಸೇರಿಸುವಾಗಲೂ ಬಿಡಿಸುವಾಗಲೂ ಜೊತೆಗೆ ಓಡಾಡಿದವನು ನಾನು. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದೊಂದನ್ನು ತಪ್ಪಿಸಿ ಪಕ್ಕದ ಕಾಲೇಜಿಗೆ ಸೇರಿಸಿಬಿಟ್ಟರೆ ಬಗೆಹರಿಯುವ ಸಂಗತಿ ಇದಲ್ಲ.

ಮೊದಲು ಆ ಫ್ಲೆಕ್ಸ್ ಓದುವುದು ಹೇಗೆಂದು ನೋಡೋಣ. ‘ಇಷ್ಟು ವಿದ್ಯಾರ್ಥಿಗಳು ನೀಟ್ ಕ್ವಾಲಿಫೈಡ್’ ಎಂದು ದೊಡ್ಡ ಅಕ್ಷರಗಳಲ್ಲಿ ಹಾಕಿರುತ್ತಾರೆ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಹೆಚ್ಚು ಮಂದಿ ನೀಟ್ ಬರೆದರು, 13 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಇದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ. ಆ ವರ್ಷ ಸಾಮಾನ್ಯ ವರ್ಗದವರು ಅರ್ಹರಾಗಲು 720ಕ್ಕೆ 162 ಅಂಕ ಸಾಕಾಗಿತ್ತು. ಹಾಗಾಗಿ ‘ಕ್ವಾಲಿಫೈಡ್’ ಎಂಬ ಸಂಖ್ಯೆಗೂ ಸೀಟಿಗೂ ಸಂಬಂಧವೇ ಇಲ್ಲ ಎಂದರೂ ನಡೆಯುತ್ತದೆ. ಸಿಇಟಿಯ ಕಥೆ ಇನ್ನೂ ಸ್ವಾರಸ್ಯದ್ದು. ಎಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ, ನ್ಯಾಚುರೋಪಥಿ, ಫಾರ್ಮಸಿ ಎಂದು ಬೇರೆ ಬೇರೆ ರ‍್ಯಾಂಕ್ ಪಟ್ಟಿಗಳು ಬರುವುದರಿಂದ ಒಬ್ಬಳೇ ಹುಡುಗಿ ನಾಲ್ಕೈದು ಪಟ್ಟಿಗಳಲ್ಲಿ ಇರಬಹುದು, ಫ್ಲೆಕ್ಸ್‌ನಲ್ಲಿ ಅವು ನಾಲ್ಕೈದು ರ‍್ಯಾಂಕ್‌ಗಳಾಗುತ್ತವೆ. ಪಿಯುಸಿ ಬೇರೆಲ್ಲೋ ಓದಿ, ಒಂದು ವರ್ಷದ ರಿಪೀಟರ್ಸ್ ಬ್ಯಾಚಿಗೆ ಬಂದವರ ಫೋಟೊಗಳೂ ಅದರಲ್ಲೇ ಸೇರಿರುತ್ತವೆ. ‘ನಿಮ್ಮಲ್ಲಿ ಪ್ರಥಮ ಪಿಯುಸಿಗೆ ಸೇರಿದವರು ಎಷ್ಟು ಮಂದಿ, ಅವರಲ್ಲಿ ಅದೇ ಎರಡು ವರ್ಷಕ್ಕೆ ಸರ್ಕಾರಿ ಸೀಟು ಪಡೆದವರು ಎಷ್ಟು ಮಂದಿ’ ಎಂದು ಭಾವ ಆಫೀಸಿನಲ್ಲಿ ಕೇಳಿದಾಗ, ಅಲ್ಲಿದ್ದವರು ನಗುತ್ತಾ ಬಣ್ಣದ ಬ್ರೋಷರ್ ಒಂದನ್ನು ಕೈಗಿತ್ತರು. ಪ್ರಶ್ನೆಗೆ ಉತ್ತರ ಅದರಲ್ಲೂ ಇರಲಿಲ್ಲ.

ನಮ್ಮ ಹುಡುಗಿ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ತಾಲ್ಲೂಕಿಗೆ ಹೆಸರು ತಂದವಳು. ಅವಳ ಓದಿನ ರೀತಿಯೇ ಬೇರೆ: ಗಟ್ಟಿಯಾಗಿ ಓದಬೇಕು, ಅರ್ಥವಾಗದಿದ್ದರೆ ಅದೇ ಪ್ರಶ್ನೆಯನ್ನು ಎರಡು ಸಲ ಕೇಳಬೇಕು, ನಿಧಾನ, ಆದರೆ ಒಮ್ಮೆ ತಿಳಿದದ್ದನ್ನು ಮರೆಯುವವಳಲ್ಲ. ಆ ಕಾಲೇಜಿನಲ್ಲಿ ಸ್ಟಡಿ ಅವರ್ ಎಂದರೆ ನೂರಾರು ಮಕ್ಕಳು ಒಂದೇ ಹಾಲ್‌ನಲ್ಲಿ ತುಟಿ ಅಲ್ಲಾಡಿಸದೆ ಕೂರುವುದು. ಕನ್ನಡ ಮಾಧ್ಯಮದವರಿಗೆಂದು ಇಟ್ಟಿದ್ದ ಬ್ರಿಡ್ಜ್ ಕೋರ್ಸ್ ಎರಡು ವಾರಕ್ಕೆ ಮುಗಿಯಿತು. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಓದಿದ ಮಗು ಎರಡು ವಾರದಲ್ಲಿ ಇಂಗ್ಲಿಷಿಗೆ ಹೊಂದಿಕೊಳ್ಳಬೇಕು ಎಂದು ಯಾರು ನಿರ್ಧರಿಸಿದರೋ ತಿಳಿಯದು.

ಮಕ್ಕಳನ್ನು ನಿಜವಾಗಿ ಅರೆಯುವುದು ಸೆಕ್ಷನ್ ಪದ್ಧತಿ. ಪ್ರತಿ ಭಾನುವಾರ ಟೆಸ್ಟ್, ಸೋಮವಾರ ಸಂಜೆ ಮೆಸ್‌ನ ಬಾಗಿಲ ಬಳಿ ರ‍್ಯಾಂಕ್ ಪಟ್ಟಿ, ಅದೇ ಹೊತ್ತಿಗೆ ಪೋಷಕರ ಮೊಬೈಲಿಗೆ ಎಸ್ಸೆಮ್ಮೆಸ್. ಕೆಲವು ಟೆಸ್ಟ್‌ಗಳಾದ ಮೇಲೆ ಅಂಕದ ಪ್ರಕಾರ ಸೆಕ್ಷನ್ ಬದಲಾಗುತ್ತದೆ, ಸೆಕ್ಷನ್ ಬದಲಾದಂತೆ ಐಡಿ ಕಾರ್ಡಿನ ದಾರದ ಬಣ್ಣವೂ ಬದಲಾಗುತ್ತದೆ. ಹೆಸರಾಂತ ಉಪನ್ಯಾಸಕರು ಪಾಠ ಮಾಡುವುದು ಮೇಲಿನ ಸೆಕ್ಷನ್‌ಗಳಿಗೆ. ಕೆಳಗಿನವಕ್ಕೆ ಆಗಷ್ಟೇ ಎಂಎಸ್ಸಿ ಮುಗಿಸಿ ಬಂದವರು, ಅವರೂ ವರ್ಷದ ನಡುವೆ ಬಿಟ್ಟು ಹೋಗುತ್ತಿದ್ದರು. ಶುಲ್ಕ ಮಾತ್ರ ಎಲ್ಲರಿಗೂ ಒಂದೇ. ಯಾವ ಉಪನ್ಯಾಸಕರ ಹೆಸರು ಕೇಳಿ ಪೋಷಕರು ಸಾಲ ಮಾಡಿ ಹಣ ಕಟ್ಟುತ್ತಾರೋ, ಅವರ ಮುಖವನ್ನೇ ನೋಡದೆ ಎರಡು ವರ್ಷ ಕಳೆಯುವ ಮಕ್ಕಳೇ ಅಂಥ ಕಡೆ ಹೆಚ್ಚು. ದಸರಾ ಹೊತ್ತಿಗೆ ನಮ್ಮ ಹುಡುಗಿ ಎರಡು ಸೆಕ್ಷನ್ ಕೆಳಗೆ ಹೋಗಿದ್ದಳು. ಮೆಸ್‌ಗೆ ಹೋಗುವಾಗ ದಾರವನ್ನು ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದಳಂತೆ; ಅದಕ್ಕೂ ವಾರ್ಡನ್ ದಂಡ ಹಾಕಿದ್ದರು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದ ತೀರ್ಪಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಅಂಕದ ಆಧಾರದ ಮೇಲೆ ಬ್ಯಾಚ್ ಒಡೆಯುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಆದಷ್ಟು ಬಿಡಬೇಕು, 100 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುವ ಕಡೆ ಅರ್ಹ ಆಪ್ತಸಮಾಲೋಚಕರೊಬ್ಬರು ಇರಲೇಬೇಕು ಎಂದು ಅದರಲ್ಲಿ ಹೇಳಿದೆ. ನೀವು ನೋಡಲು ಹೋಗುವ ಕಾಲೇಜಿನಲ್ಲಿ ಆ ಸಮಾಲೋಚಕರು ಯಾವ ಕೋಣೆಯಲ್ಲಿ ಕೂರುತ್ತಾರೆ ಎಂದು ಕೇಳಿ, ಆ ಕೋಣೆಗೆ ಹೋಗಿ ನೋಡಿ. ನಮಗೆ ತೋರಿಸಿದ ಕೋಣೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟುಗಳಿದ್ದವು.

ಊಟ, ಹವೆಗಳನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರಿದ್ದಾರೆ. ಜೋಳದ ರೊಟ್ಟಿಯ ಹೊಟ್ಟೆಗೆ ಮೂರು ಹೊತ್ತೂ ಅನ್ನ, ಅದರಲ್ಲೂ ಕುಚ್ಚಲಕ್ಕಿ, ಒಗ್ಗಲು ತಿಂಗಳುಗಳು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದೆ, ಹಸಿ ಬಟ್ಟೆಯನ್ನೇ ಹಾಕಿಕೊಂಡು ಮಕ್ಕಳಿಗೆ ಕಜ್ಜಿಯಾಗುತ್ತದೆ. ಒಗ್ಗಿಕೊಳ್ಳುವ ಮಕ್ಕಳಿಗೆ ಒಗ್ಗುತ್ತದೆ, ಅಷ್ಟೇ.

ವಾರಕ್ಕೊಮ್ಮೆ ಹತ್ತು ನಿಮಿಷ ಫೋನ್. ಪಕ್ಕದಲ್ಲೇ ವಾರ್ಡನ್, ಹಿಂದೆ ಸಾಲು. ಮೊದಲ ತಿಂಗಳು ಅತ್ತಳು. ‘ಎಲ್ಲರೂ ಅಳ್ತಾರೆ ಸಾರ್, ಆಮೇಲೆ ಸರಿ ಹೋಗ್ತಾರೆ’ ಎಂದರು. ನಿಜವಾಗಿಯೂ ಅಳು ನಿಂತಿತು. ಬರಬರುತ್ತಾ ಏನು ಕೇಳಿದರೂ ‘ಹೂಂ’ ಎನ್ನುವಷ್ಟಕ್ಕೆ ಮಾತು ಇಳಿದಾಗ, ಸರಿಹೋದಳೆಂದೇ ಮನೆಯವರು ತಿಳಿದರು. ದೀಪಾವಳಿಯ ನಂತರ ಒಂದು ಭಾನುವಾರ ನಾನು ಫೋನ್ ತೆಗೆದುಕೊಂಡಾಗ ಅವಳು ಕೇಳಿದ್ದು ಒಂದೇ ಮಾತು: ‘ಮಾಮಾ, ನಾ ಸಾಲ್ಯಾಗ ಶ್ಯಾಣ್ಯಾಕಿ ಇದ್ದೆ, ಹೌದಿಲ್ಲೋ?’ ಆ ವಾರವೇ ನಾನೂ ಭಾವನೂ ಹೊರಟೆವು.

ಬಿಡಿಸಿಕೊಂಡು ಬರುವುದು ಸೇರಿಸಿದಷ್ಟು ಸುಲಭವಲ್ಲ. ಎಸ್ಸೆಸ್ಸೆಲ್ಸಿಯ ಮೂಲ ಅಂಕಪಟ್ಟಿ ಅವರ ಬಳಿ ಇತ್ತು, ಎರಡನೆಯ ವರ್ಷದ ಶುಲ್ಕವನ್ನೂ ಕಟ್ಟಿದರೆ ಮಾತ್ರ ಟಿಸಿ ಎಂದರು. ಪದವಿಪೂರ್ವ ಶಿಕ್ಷಣ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಪ್ರತಿಯನ್ನು ಕಾಲೇಜಿನ ಮೇಜಿನ ಮೇಲೆ ಇಟ್ಟ ನಂತರವೇ ಟಿಸಿ ಮತ್ತು ಅಂಕಪಟ್ಟಿ ಕೈಗೆ ಬಂದವು. ಹಣ ಬರಲಿಲ್ಲ. ರಸೀದಿಗಳನ್ನು ಬಿಡಿಸಿ ನೋಡಿದಾಗ ಕಾಲೇಜಿನ ಹೆಸರಿನಲ್ಲಿ ಇದ್ದದ್ದು ಸಣ್ಣ ಮೊತ್ತ. ಉಳಿದ ಬಹುಪಾಲು ‘ತರಬೇತಿ’ ಎಂದು ಬೇರೊಂದು ಸಂಸ್ಥೆಯ ಹೆಸರಿನಲ್ಲಿತ್ತು. ನಡುವೆ ಬಿಟ್ಟುಹೋಗುವ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು, ಹಾಸ್ಟೆಲ್ ಮತ್ತು ಮೆಸ್ ಶುಲ್ಕ ಸಹಿತ, ಹತ್ತು ದಿನಗಳೊಳಗೆ ಮರಳಿಸಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯವು ಕೋಚಿಂಗ್ ಕೇಂದ್ರಗಳಿಗೆ 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಅದನ್ನು ತೋರಿಸಿದರೆ, ‘ನಾವು ಕೋಚಿಂಗ್ ಕೇಂದ್ರವಲ್ಲ, ಕಾಲೇಜು’ ಎಂದರು. ಹಣ ಪಡೆಯುವಾಗ ತರಬೇತಿ, ಮರಳಿಸುವಾಗ ಕಾಲೇಜು!

ಅದೇ ಕಾಲೇಜಿನಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಚೆನ್ನಾಗಿಯೇ ಇದ್ದಾನೆ. ಅವನಿಗೆ ಟೆಸ್ಟ್ ಎಂದರೆ ಆಟ. ಪಟ್ಟಿಯಲ್ಲಿ ಕೆಳಗಿಳಿದ ವಾರ ಇನ್ನಷ್ಟು ಹಟದಿಂದ ಓದುತ್ತಾನೆ, ರಾತ್ರಿ ಮಲಗಿದ ಕೂಡಲೇ ನಿದ್ದೆ ಬರುತ್ತದೆ. ನಿಮ್ಮ ಮಗು ಅಂಥದಾಗಿದ್ದರೆ ಈ ಬರಹ ನಿಮಗಲ್ಲ. ಆದರೆ ಸೇರಿಸುವ ಮೊದಲು ಕಾಲೇಜಿನ ಟಾಪರ್‌ಗಳನ್ನು ಮಾತನಾಡಿಸಬೇಡಿ, ಅವರನ್ನು ಕಾಲೇಜೇ ಕರೆತಂದು ಕೂರಿಸುತ್ತದೆ. ಔಟಿಂಗ್ ದಿನ ಹತ್ತಿರದ ಪೇಟೆಯ ಬೇಕರಿ, ಜೆರಾಕ್ಸ್ ಅಂಗಡಿಗಳ ಮುಂದೆ ಸಿಗುವ ನಡುವಿನ ಸೆಕ್ಷನ್‌ನ ಮಕ್ಕಳನ್ನು ಕೇಳಿ: ಫಿಸಿಕ್ಸ್‌ಗೆ ಈ ವರ್ಷ ಎಷ್ಟು ಮಂದಿ ಬದಲಾದರು, ಡೌಟ್ ಕೇಳಿದರೆ ಏನು ಅನ್ನುತ್ತಾರೆ, ಲ್ಯಾಬ್‌ಗೆ ಕರೆದೊಯ್ದದ್ದು ಯಾವಾಗ, ಕನ್ನಡ ಪಿರಿಯಡ್ ನಡೆಯುತ್ತದೆಯೇ. ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ತಲಾ 30 ಅಂಕ ಪ್ರಾಯೋಗಿಕ ಪರೀಕ್ಷೆಯದ್ದು, ಆದರೂ ಲ್ಯಾಬ್‌ಗೆ ಬೀಗ ಹಾಕಿಟ್ಟ ಕಡೆಗಳಿವೆ.

ಅಡ್ವಾನ್ಸ್ ಕೊಡುವ ಮೊದಲು ಮೂರು ಸಂಗತಿಗಳನ್ನು ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ: ನಡುವೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ, ಮೂಲ ದಾಖಲೆಗಳನ್ನು ನೋಡಿ ವಾಪಸು ಕೊಡುತ್ತಾರೆಯೇ, ನಿಮ್ಮ ಮಗುವಿನ ಸೆಕ್ಷನ್‌ಗೆ ಪಾಠ ಮಾಡುವವರು ಯಾರು. ‘ಅದೆಲ್ಲ ಬರೆದು ಕೊಡುವ ಪದ್ಧತಿ ನಮ್ಮಲ್ಲಿಲ್ಲ’ ಎಂದರೆ, ಸೀಟು ಇಂದೇ ಭರ್ತಿಯಾಗುತ್ತದೆ ಎಂದು ಎಷ್ಟೇ ಅವಸರಪಡಿಸಿದರೂ ಹಣ ಕಟ್ಟದೆ ಎದ್ದು ಬನ್ನಿ.