ಟಿಕೆಟ್ ಸಂಖ್ಯೆ ಎಲ್ಲಿರಬೇಕು: ಕಮಿಟ್ ಸಂದೇಶದಲ್ಲೋ, ಪುಲ್ ರಿಕ್ವೆಸ್ಟ್‌ನಲ್ಲೋ?

ಕೋಡ್‌ನಲ್ಲಾದ ಬದಲಾವಣೆಯನ್ನು ಅದಕ್ಕೆ ಕಾರಣವಾದ ಕೆಲಸದೊಂದಿಗೆ ಜೋಡಿಸಲು ಮುಖ್ಯವಾಗಿ ಎರಡು ದಾರಿಗಳಿವೆ: ಪ್ರತಿ ಕಮಿಟ್ (ದಾಖಲಿಸಿದ ಕೋಡ್ ಬದಲಾವಣೆ) ಸಂದೇಶದಲ್ಲೂ ಟಿಕೆಟ್ (ಕೆಲಸ ಅಥವಾ ದೋಷದ ದಾಖಲೆ) ಸಂಖ್ಯೆಯನ್ನು ಬರೆಯುವುದು, ಅಥವಾ ಪುಲ್ ರಿಕ್ವೆಸ್ಟ್‌ಗೆ (ಬದಲಾವಣೆಗಳನ್ನು ಮುಖ್ಯ ಕೋಡ್‌ಗೆ ಸೇರಿಸುವ ಕೋರಿಕೆಗೆ) ಮಾತ್ರ ಟಿಕೆಟ್‌ನ ಕೊಂಡಿಯನ್ನು ಹಾಕುವುದು.

ಮೊದಲನೆಯದರ ದೊಡ್ಡ ಬಲವೆಂದರೆ, ಸಂಖ್ಯೆಯು ಗಿಟ್ (ಕೋಡ್ ಬದಲಾವಣೆಗಳನ್ನು ದಾಖಲಿಸುವ ಸಾಧನ) ಇತಿಹಾಸದೊಳಗೇ ಉಳಿಯುತ್ತದೆ. ವರ್ಷಗಳ ನಂತರ, ಅನಗತ್ಯವೆಂದು ತೋರುವ ಒಂದು ಸಾಲಿನ ಮೇಲೆ ‘ಗಿಟ್ ಬ್ಲೇಮ್’ (ಆ ಸಾಲನ್ನು ಕೊನೆಗೆ ಬದಲಿಸಿದ ಕಮಿಟ್ ತೋರಿಸುವ ಆಜ್ಞೆ) ನಡೆಸಿದಾಗ ‘ಬಿಲ್-214: ಸೊನ್ನೆ ಮೊತ್ತದ ರಸೀದಿಯನ್ನು ತಡೆಯಲಾಗಿದೆ’ ಎಂಬ ಸಂದೇಶ ಕಣ್ಣಿಗೆ ಬಿದ್ದರೆ, ಅದನ್ನು ಅಳಿಸಹೊರಟ ಕೈ ತಾನಾಗಿ ನಿಲ್ಲುತ್ತದೆ, ರೆಪಾಸಿಟರಿಯನ್ನು (ಕೋಡ್ ಮತ್ತು ಅದರ ಇತಿಹಾಸದ ಸಂಗ್ರಹವನ್ನು) ಬೇರೆ ಸೇವೆಗೆ ಸ್ಥಳಾಂತರಿಸಿದರೂ ಈ ಸುಳಿವು ಜೊತೆಗೇ ಬರುತ್ತದೆ. ಆದರೆ ತಪ್ಪು ಸಂಖ್ಯೆಯೊಂದಿಗೆ ಪುಶ್ ಮಾಡಿದರೆ (ಹಂಚಿಕೆಯ ರೆಪಾಸಿಟರಿಗೆ ಕಳಿಸಿದರೆ), ತಿದ್ದಲು ಇತಿಹಾಸವನ್ನೇ ಪುನಃ ಬರೆಯಬೇಕು, ಆಗ ಕಮಿಟ್‌ಗಳ ಹ್ಯಾಶ್ (ಗುರುತಿನ ಸಂಕೇತ) ಕೂಡ ಬದಲಾಗುತ್ತದೆ. ಸಂಖ್ಯೆ ಬರೆಯಲು ಮರೆತವರನ್ನು ಎಚ್ಚರಿಸಲು ಹುಕ್ (ಕಮಿಟ್ ಮಾಡುವಂಥ ಹಂತದಲ್ಲಿ ತಾನಾಗಿ ಓಡುವ ಸ್ಕ್ರಿಪ್ಟ್) ಬಳಸಬಹುದು. ರೆಪಾಸಿಟರಿಯನ್ನು ಕ್ಲೋನ್ ಮಾಡಿದಾಗ (ನಕಲಿಸಿಕೊಂಡಾಗ) ಹುಕ್‌ಗಳು ತಾವಾಗಿ ಬರುವುದಿಲ್ಲ ಎಂಬುದು ನೆನಪಿರಲಿ.

ಪುಲ್ ರಿಕ್ವೆಸ್ಟ್‌ನ ಕೊಂಡಿಯನ್ನು ತಿದ್ದುವುದು ಸುಲಭ. ಗಿಟ್‌ಹಬ್‌ನಲ್ಲಿ ಅದರ ವಿವರಣೆಯೊಳಗೆ ಇಂಗ್ಲಿಷಿನಲ್ಲಿ ‘ಫಿಕ್ಸಸ್ #42’ ಎಂದು ಬರೆದರೆ, ಡಿಫಾಲ್ಟ್ ಬ್ರಾಂಚ್‌ಗೆ (ಕೋಡ್‌ನ ಮುಖ್ಯ ಶಾಖೆಗೆ) ಮರ್ಜ್ ಆದೊಡನೆ (ಸೇರಿದೊಡನೆ) ಆ ಇಶ್ಯೂ (ಗಿಟ್‌ಹಬ್‌ನ ಟಿಕೆಟ್) ಮುಚ್ಚಿಕೊಳ್ಳುತ್ತದೆ. ಕಮಿಟ್‌ಗಳನ್ನು ಸ್ಕ್ವಾಶ್ ಮಾಡುವ (ಒಂದೇ ಕಮಿಟ್ ಆಗಿ ಒಗ್ಗೂಡಿಸುವ) ಸಣ್ಣ ತಂಡಕ್ಕೆ ಇಷ್ಟು ಸಾಕು. ಬಹುಕಾಲ ಬಾಳಬೇಕಾದ, ಹಲವರ ಕೈ ದಾಟುವ ಕೋಡ್‌ಗಾದರೆ ನನ್ನ ಆಯ್ಕೆ ನಿಸ್ಸಂದೇಹವಾಗಿ ಕಮಿಟ್ ಸಂದೇಶವೇ.