ಬಾವಿ ಮೋಟಾರಿಗೆ ಯಾವ ಹಗ್ಗ? ಮೂರನ್ನೂ ಕಟ್ಟಿ ನೋಡಿದ್ದು

2022ರ ಸೆಪ್ಟೆಂಬರ್‌ನಲ್ಲಿ ವಾಣಿ ವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಹಿರಿಯೂರು ಕಡೆಯ ನಮ್ಮ ತೆರೆದ ಬಾವಿಯಲ್ಲೂ ನೀರು ಮೇಲೆ ಬಂತು. ಸಂತೋಷವೇ, ಆದರೆ ಕೆಲಸವೂ ಹೆಚ್ಚಿತು. ನಮ್ಮದು 5 ಎಚ್‌ಪಿ ಮಾನೋಬ್ಲಾಕ್, ಅಂದರೆ ಮೋಟಾರ್, ಪಂಪ್ ಎರಡೂ ಒಂದೇ ಆಗಿರುವುದು. ನೀರು ಏರಿದರೆ ಮೋಟಾರ್ ಮುಳುಗಿ ಸುಡುತ್ತದೆ, 20-22 ಅಡಿಗಿಂತ ಕೆಳಗಿಳಿದರೆ ಹೀರುವುದಿಲ್ಲ. ಹಾಗಾಗಿ ಕಬ್ಬಿಣದ ಚೌಕಟ್ಟಿನ ಸಮೇತ ಅದನ್ನು ಗಡಗಡೆಯಲ್ಲಿ ಎತ್ತುವುದು, ಇಳಿಸುವುದು ನಡೆದೇ ಇರುತ್ತದೆ.

ಹೋದ ವರ್ಷ ಹಳೆಯ ತಂತಿ ಹಗ್ಗದ ಮೇಲೆ ಬಟ್ಟೆ ಹಿಡಿದು ಉದ್ದಕ್ಕೂ ಎಳೆದೆ. ನೂಲು ಸಿಕ್ಕಿಕೊಂಡ ಕಡೆಯಲ್ಲೆಲ್ಲ ಎಳೆ ಕಡಿದು ಮುಳ್ಳಿನಂತೆ ಎದ್ದಿತ್ತು. ಒಂದೇ ಗೇಣಿನಲ್ಲಿ ಏಳು ಕಡೆ. ಹೀರುವ ಪೈಪಿನ ಬುಡದಲ್ಲಿರುವ ಫುಟ್ ವಾಲ್ವ್ ಬಿಚ್ಚಲು ತಮ್ಮ ಕೆಳಗಿಳಿಯುತ್ತಾನೆ. ಅವತ್ತೇ ಅದನ್ನು ಬಿಚ್ಚಿ ಹಾಕಿದೆ.

ಮೊದಲು ಕಟ್ಟಿದ್ದು 14 ಎಂಎಂ ನೈಲಾನ್ ಹಗ್ಗ. ಹಗುರ, ಕೈಗೆ ಹಿತ, ಗಂಟು ಹಾಕಲು ಸಲೀಸು. ಆದರೆ ಹಿಗ್ಗುತ್ತದೆ. ಮೋಟಾರ್ ಅಲ್ಲಾಡುವ ಮೊದಲೇ ಮೊಳದುದ್ದ ಹಗ್ಗ ಎಳೆದಿರುತ್ತೇವೆ. ಸಂಜೆ ಗುರುತು ಹಾಕಿ ನಿಲ್ಲಿಸಿದ ಚೌಕಟ್ಟು ಬೆಳಿಗ್ಗೆ ನಾಲ್ಕು ಬೆರಳು ಕೆಳಗಿತ್ತು. ನೈಲಾನ್ ನೆನೆದರೆ ಬಲವೂ ಸ್ವಲ್ಪ ತಗ್ಗುತ್ತದೆ. ಬಾವಿಯ ಕೆಲಸಕ್ಕೆ ಇದು ನನಗೆ ಒಪ್ಪಿಗೆಯಿಲ್ಲ. ಪಾಲಿಪ್ರೊಪಿಲೀನ್ ಹಗ್ಗವನ್ನು ಕಟ್ಟಲೇ ಇಲ್ಲ; ಚಿತ್ರದುರ್ಗದ ಬಿಸಿಲಿಗೆ ಅದು ಪುಡಿಪುಡಿಯಾಗುವುದನ್ನು ದನದ ಕೊಟ್ಟಿಗೆಯಲ್ಲೇ ಕಂಡಿದ್ದೇನೆ.

ಆಮೇಲೆ 6 ಎಂಎಂ ಸ್ಟೇನ್‌ಲೆಸ್ ತಂತಿ ಹಗ್ಗ. ಬೆಲೆ ಜಿಐ (ಸತು ಲೇಪಿಸಿದ ಕಬ್ಬಿಣದ ತಂತಿ) ಹಗ್ಗದ ಎರಡರಷ್ಟಕ್ಕೂ ಮೇಲೆ. ತುಕ್ಕಿನ ಮಾತೇ ಇಲ್ಲ, ಹಿಗ್ಗುವುದೂ ಇಲ್ಲ. ಆದರೂ ಮೂರೇ ತಿಂಗಳಿಗೆ ಮತ್ತೆ ಎಳೆ ಎದ್ದಿತು! ಹಗ್ಗವೇ ಕಳಪೆ ಎಂದು ನಾನು ಅಂಗಡಿಯವರ ಮೇಲೆ ಸಿಟ್ಟಾಗಿದ್ದೆ. ಮೋಟಾರ್ ರಿಪೇರಿಗೆ ಬಂದ ಹುಡುಗ ಗಡಗಡೆಯ ತೋಡಿನೊಳಗೆ ಬೆರಳು ಆಡಿಸಿ, “ಅಣ್ಣಾ, ಇಲ್ಲಿ ಮುಟ್ಟಿ ನೋಡಿ. ಹಗ್ಗದ್ದೇನೂ ತಪ್ಪಿಲ್ಲ” ಅಂದ.

ಮುಟ್ಟಿದೆ. ಹಳೇ ಹಗ್ಗ ವರ್ಷಗಟ್ಟಲೆ ತಿಕ್ಕಿ ತೋಡಿನಲ್ಲಿ ತನ್ನ ಹುರಿಯ ಅಚ್ಚನ್ನೇ ಮೂಡಿಸಿತ್ತು, ಅರದ ಹಲ್ಲಿನ ಹಾಗೆ. ಸಾಲದ್ದಕ್ಕೆ ಗಡಗಡೆ ಮೂರೇ ಇಂಚಿನದು. ತಂತಿ ಹಗ್ಗಕ್ಕೆ ಅದರ ದಪ್ಪದ 18-20 ಪಟ್ಟು ವ್ಯಾಸದ ಗಡಗಡೆ ಬೇಕು. 6 ಎಂಎಂಗೆ ಹತ್ತಿರ ಹತ್ತಿರ ಐದು ಇಂಚು. ಚಿಕ್ಕದರ ಮೇಲೆ ಮಡಚಿ ಮಡಚಿ ಒಳಗಿನ ಎಳೆಗಳು ಮುರಿಯುತ್ತವೆ.

ಐದು ಇಂಚಿನ ಹೊಸ ಗಡಗಡೆ ಹಾಕಿ, ಈ ಸಲ ಮಾಮೂಲಿ ಜಿಐ ತಂತಿ ಹಗ್ಗ ತಂದೆ. ಅದೂ 6 ಎಂಎಂ. ಎರಡು ತಿಂಗಳಿಗೊಮ್ಮೆ ಗ್ರೀಸ್ ಬಳಿಯುತ್ತೇನೆ. ವರ್ಷವಾಗುತ್ತ ಬಂತು, ಬಟ್ಟೆಗೆ ಒಂದು ಎಳೆಯೂ ಸಿಕ್ಕಿಲ್ಲ. ಗ್ರೀಸ್ ಹಚ್ಚಲು ಪುರುಸೊತ್ತಿಲ್ಲದವರು ಸ್ಟೇನ್‌ಲೆಸ್ಸನ್ನೇ ಕೊಳ್ಳಲಿ, ಹಗ್ಗದ ತುದಿ ಮಡಚಿ ಬಿಗಿಯುವ ಕ್ಲಾಂಪುಗಳೂ ಸ್ಟೇನ್‌ಲೆಸ್ಸಿನವೇ ಇರಲಿ. ನಾನಂತೂ ಜಿಐ ಬಿಡುವುದಿಲ್ಲ. ಉಳಿದ ದುಡ್ಡು ಗಡಗಡೆಗೆ ಹೋಯಿತು.

ಕ್ಲಾಂಪ್ ಹಾಕುವಾಗ ‘ಯು’ ಬೋಲ್ಟಿನ ಬಾಗು ಮಡಚಿದ ತುದಿಯ ಮೇಲೆ ಬರಬೇಕು, ಚಪ್ಪಟೆ ಭಾಗ ಭಾರ ಹೊರುವ ಹಗ್ಗದ ಕಡೆಗೆ. ನಮ್ಮಲ್ಲಿ ಬಹಳ ಬಾವಿಗಳಲ್ಲಿ ಇದು ತಿರುಗಾಮುರುಗಾ ಇದೆ. ನಾನು ಮೂರು ಕ್ಲಾಂಪ್ ಹಾಕಿದ್ದೇನೆ. ಮೊದಲ ಸಲ ಮೋಟಾರ್ ಎತ್ತಿ ಭಾರ ಬಿದ್ದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದೆ, ಪ್ರತಿಯೊಂದೂ ಅರ್ಧ ಸುತ್ತು ಹೋಯಿತು.